ಕಾಲಿನ ಸೆಟೆತವೂ ಅಯಸ್ಕಾಂತ ಚಿಕಿತ್ಸೆಯೂ



ಮಠದ ಮಹೋತ್ಸವಗಳಲ್ಲಿ ಶಾಸ್ತ್ರ, ಪುರಾಣ, ಶರಣರ ಚರಿತ್ರೆ ಮುಂತಾದವುಗಳನ್ನು ಕುರಿತು ಉಪನ್ಯಾಸಗಳಾಗುವದು ವಾಡಿಕೆಯಾಗಿರುತ್ತದೆ. ಈ ಉಪನ್ಯಾಸದ ವಿಷಯವು ಅವುಗಳಿಗಿಂತ ಬೇರೆಯಾದದ್ದು. ಮನುಷ್ಯನ ಕಾಲು, ಕಾಲನ್ನು ಆಳುವ ಬೆನ್ನುಹುರಿ, ಬೆನ್ನುಹುರಿಗೆ ತಗಲುವ ಒಂದು ವ್ಯಾಧಿ, ಆ ವ್ಯಾಧಿಯಿಂದ ಸೆಟೆದುಕೊಂಡ ಕಾಲನ್ನು ಸಡಿಲಿಸುವದಕ್ಕಾಗಿ ವೈದ್ಯರು ಪರೀಕ್ಷಿಸಿ ನೋಡಿದ ಅಯಸ್ಕಾಂತ ಚಿಕಿತ್ಸೆ, ಇವಿಷ್ಟೇ ಇಲ್ಲಿಯ ವಿಚಾರಗಳು. ಇಂಥ ವಿಷಯವನ್ನು ಮಠದ ಸಭೆಯಲ್ಲಿ ಎತ್ತುವದೇಕೆಂದು ಯಾರಾದರೂ ಕೇಳಬಹುದು. ಜಾತ್ರೆಗೆ ಬಂದವರನ್ನು ಎಣಿಸುವದು ಸುಲಭ; ಕಾಲು ಸಾಗದ್ದರಿಂದ ಬಾರದೆ ಮನೆಯ ಪಡಸಾಲೆಯಲ್ಲಿಯೇ ಉಳಿದವರನ್ನು ಎಣಿಸುವವರಿಲ್ಲ. ಈ ಮಾತುಗಳು ಅವರನ್ನು ಕುರಿತವು. ಅವರನ್ನು ಮನೆಯಲ್ಲಿ ಜೋಪಾನ ಮಾಡುವವರಿಗಾಗಿ ಆಡತಕ್ಕವು.

ತಿಕೋಟಾ ತಾಲೂಕಿನ ಕಳ್ಳಕವಟಗಿಯಂಥ ಒಂದು ಊರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ದ್ರಾಕ್ಷಿಯ ತೋಟಗಳು, ಜೋಳದ ಹೊಲಗಳು, ಬೇಸಿಗೆಯಲ್ಲಿ 40 ಡಿಗ್ರಿಯನ್ನು ಮೀರುವ ಬಿಸಿಲು. ಅಲ್ಲಿ ಮೂವತ್ತು ವರುಷದ ಗೃಹಿಣಿಯೊಬ್ಬಳು ಇರುವಳೆಂದು ಭಾವಿಸಬಹುದು. ಒಂದು ವರುಷ ಅವಳ ಒಂದು ಕಣ್ಣು ನೋಯುತ್ತ ಮಂಜಾಗುತ್ತದೆ. ಕೆಲವು ವಾರಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಎಲ್ಲರೂ ಅದನ್ನು ಮರೆಯುತ್ತಾರೆ. ಮರುವರುಷ ಪಾದಗಳಲ್ಲಿ ಜೋಮು ಹಿಡಿಯುತ್ತದೆ, ಅದೂ ಇಳಿಯುತ್ತದೆ. ಮೂರನೆಯ ಸಲ ಬಂದದ್ದು ಪೂರ್ತಿಯಾಗಿ ಇಳಿಯುವದಿಲ್ಲ. ಕಾಲುಗಳು ಕಟ್ಟಿಗೆಯಂತೆ ಬಿಗಿಯುತ್ತವೆ, ಮೊಣಕಾಲು ಮಡಿಚಲೊಲ್ಲದು, ನಡೆಯುವಾಗ ಬೆರಳುಗಳು ನೆಲವನ್ನು ಕೆರೆಯುತ್ತವೆ, ರಾತ್ರಿ ಮಲಗಿದಾಗ ಕಾಲು ತನ್ನಷ್ಟಕ್ಕೆ ತಾನೇ ಝಾಡಿಸಿ ನಿದ್ದೆಗೆಡಿಸುತ್ತದೆ. ಮುಂಜಾನೆ ರೊಟ್ಟಿ ಬಡಿದ ಹೆಣ್ಣುಮಗಳು ಮಧ್ಯಾಹ್ನದ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಾಳೆ. ಬಿಸಿನೀರು ಎರೆದುಕೊಂಡ ದಿವಸ ಬಚ್ಚಲಿನಿಂದ ಏಳುವದಕ್ಕೇ ಆಗುವದಿಲ್ಲ. ಮುಂಜಾನೆ ನೆಟ್ಟಗಿದ್ದವಳು ಮಧ್ಯಾಹ್ನ ಹಾಸಿಗೆ ಹಿಡಿದರೆ ಅತ್ತೆಯ ಬಾಯಿಂದ ಮೈಗಳ್ಳತನವೆಂಬ ಮಾತು ಬರುತ್ತದೆ. ನೆರೆಯವರು ಗಾಳಿ ಸೋಕಿದೆಯೆನ್ನುತ್ತಾರೆ. ತಾಯಿತ, ಮಂತ್ರಿಸಿದ ದಾರ, ಹರಕೆ ಒಂದರ ಮೇಲೊಂದು ಆಗುತ್ತವೆ. ಕಡೆಗೆ ಆ ಹೆಣ್ಣುಮಗಳು ತನ್ನ ಮನಸ್ಸಿನಲ್ಲಿಯೇ ಏನೋ ದೋಷವಿರಬೇಕೆಂದು ತನ್ನನ್ನೇ ಸಂಶಯಿಸಲಾರಂಭಿಸುತ್ತಾಳೆ.

ಅತ್ತೆಯ ಮಾತೂ ನೆರೆಯವರ ಮಾತೂ ಆ ಸಂಶಯವೂ ಮೂರೂ ತಪ್ಪಾಗಿರುವ ಸಂಭವವಿದೆ. ಇಂಥ ಚಿಹ್ನೆಗಳು ಬಿಡಿಬಿಡಿಯಾಗಿ ತೋರಿದರೂ ಒಂದೇ ವ್ಯಾಧಿಯವು ಆಗಿರಬಹುದು. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂದು ಹೆಸರು. ಪ್ಯಾರಿಸ್ ನಗರದ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿದ್ದ ಶಾರ್ಕೋ ಎಂಬ ಪ್ರಸಿದ್ಧ ವೈದ್ಯನು 1868ರಲ್ಲಿ ಈ ವ್ಯಾಧಿಯನ್ನು ಪ್ರತ್ಯೇಕವಾಗಿ ಗುರುತಿಸಿ, ರೋಗಿಗಳ ಮೆದುಳು ಬೆನ್ನುಹುರಿಗಳಲ್ಲಿ ಅಲ್ಲಲ್ಲಿ ಗಟ್ಟಿಗೊಂಡ ಮಚ್ಚೆಗಳಿರುವದನ್ನು ವಿವರಿಸಿದನು. ಅನೇಕ ಸ್ಥಳಗಳಲ್ಲಿ ಗಟ್ಟಿಯಾಗುವಿಕೆಯೆಂಬದೇ ಆ ಹೆಸರಿನ ಅರ್ಥ.

ಬಾವಿಯ ಪಂಪಿಗೆ ವಿದ್ಯುತ್ತನ್ನು ಒಯ್ಯುವ ತಂತಿಯನ್ನು ಒಕ್ಕಲಿಗರೆಲ್ಲರೂ ಬಲ್ಲರು. ಒಳಗೆ ತಾಮ್ರವಿರುತ್ತದೆ; ಅದರ ಮೇಲೆ ಹೊದಿಕೆಯಿರುತ್ತದೆ. ಇಲಿಯು ಆ ಹೊದಿಕೆಯನ್ನು ಕಡಿದರೆ ತಾಮ್ರ ಉಳಿದಿದ್ದರೂ ಪಂಪು ಒಮ್ಮೆ ನಡೆಯುತ್ತದೆ, ಒಮ್ಮೆ ನಿಲ್ಲುತ್ತದೆ. ಮನುಷ್ಯನ ನರಗಳಿಗೂ ಮಯಲಿನ್ ಎಂಬ ಕೊಬ್ಬಿನಂಥ ಪದಾರ್ಥದ ಹೊದಿಕೆಯುಂಟು. ಮೈಯನ್ನು ರೋಗಗಳಿಂದ ಕಾಯಬೇಕಾದ ರಕ್ತದೊಳಗಿನ ಶಕ್ತಿಯೇ ದಾರಿತಪ್ಪಿ ಈ ಹೊದಿಕೆಯನ್ನು ಕಿತ್ತುಹಾಕುವದೇ ಈ ವ್ಯಾಧಿಯ ಮೂಲಕ್ರಿಯೆ. ಹೊದಿಕೆ ಹೋದ ಸ್ಥಳವು ಕಣ್ಣಿನ ನರದಲ್ಲಿದ್ದರೆ ದೃಷ್ಟಿ ಮಂಜಾಗುತ್ತದೆ. ಬೆನ್ನುಹುರಿಯಲ್ಲಿದ್ದರೆ ಕಾಲು ಸೋಲುತ್ತದೆ. ಮೈಯು ಸ್ವಲ್ಪಮಟ್ಟಿಗೆ ಹೊದಿಕೆಯನ್ನು ಮತ್ತೆ ಕಟ್ಟಿಕೊಳ್ಳುವದರಿಂದ ಮೊದಮೊದಲು ಗುಣವಾದಂತೆ ತೋರುವದುಂಟು. ಪದೇ ಪದೇ ಕಿತ್ತಲ್ಲಿ ಒಳಗಿನ ತಂತಿಯೇ ಸವೆದುಹೋಗುತ್ತದೆ. ಈ ವ್ಯಾಧಿಯು ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ನಡುವಣ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ತಲೆದೋರುತ್ತದೆ. ಅಂದರೆ ಮನೆಯ ಭಾರವನ್ನು ಹೊತ್ತಿರುವ ವಯಸ್ಸಿನಲ್ಲಿಯೇ ಬರುತ್ತದೆ.

ಬಿಸಿಲಿನ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಯಾಕಂದರೆ ವಿಜಯಪುರ ಪ್ರಾಂತದಲ್ಲಿ ಅದು ಅತ್ಯಂತ ಮಹತ್ವದ್ದು. ಜರ್ಮನಿಯ ನೇತ್ರವೈದ್ಯನಾದ ಊಟೋಫನು ಈ ರೋಗಿಗಳಿಗೆ ಮೈ ದಣಿದಾಗ ಕಣ್ಣು ಮತ್ತಷ್ಟು ಮಂಜಾಗುವದನ್ನು 1890ರಲ್ಲಿ ಬರೆದಿಟ್ಟನು. ದಣಿವಿಗಿಂತ ಮೈಶಾಖದ ಏರಿಕೆಯೇ ಅದಕ್ಕೆ ಕಾರಣವೆಂಬದು ಆಮೇಲೆ ತಿಳಿದುಬಂದಿತು. ಹೊದಿಕೆ ಕಳೆದುಕೊಂಡ ನರದಲ್ಲಿ ಶಾಖವು ತುಸು ಏರಿದರೂ ಸಂದೇಶವು ನಡುದಾರಿಯಲ್ಲಿ ನಿಲ್ಲುತ್ತದೆ. ಮೈ ತಣಿದರೆ ಮತ್ತೆ ಸಾಗುತ್ತದೆ. ಮುಂಜಾನೆ ಆಗುವ ಕೆಲಸ ಮಧ್ಯಾಹ್ನ ಆಗದಿರುವದರ ಗುಟ್ಟು ಇದೇ. ಬಚ್ಚಲಿನಲ್ಲಿ ಏಳಲಾರದೆ ಕುಳಿತುದರ ಗುಟ್ಟೂ ಇದೇ. ಇದರಿಂದ ಹೊಸ ಹಾನಿಯೇನೂ ಆಗುವದಿಲ್ಲವಾದರೂ ಬಿದ್ದು ಎಲುಬು ಮುರಿಯುವ ಭಯವಿರುತ್ತದೆ. ಇಂಥವರಿಗೆ ಉಗುರುಬೆಚ್ಚಗಿನ ಅಥವಾ ತಣ್ಣೀರಿನ ಸ್ನಾನ, ತಂಪುಹೊತ್ತಿನ ಕೆಲಸ, ಮಧ್ಯಾಹ್ನ ನೆರಳಿನ ವಿಶ್ರಾಂತಿ ಇವು ಔಷಧಕ್ಕೆ ಸಮಾನವಾದವು. ಮಧ್ಯಾಹ್ನ ಮಲಗಿದ ಸೊಸೆಯನ್ನು ಎಬ್ಬಿಸುವ ಮುನ್ನ ಅತ್ತೆಯಾದವಳು ಅಂಗಳದ ಬಿಸಿಲನ್ನೊಮ್ಮೆ ನೋಡತಕ್ಕದ್ದು.

ಇದು ಶೀತದೇಶಗಳ ವ್ಯಾಧಿ, ಇತ್ತಕಡೆ ಇಲ್ಲವೆಂಬ ಭಾವನೆಯು ವೈದ್ಯರಲ್ಲಿಯೂ ಬಹುಕಾಲ ಇತ್ತು. ಯುರೋಪದ ಉತ್ತರಭಾಗದಲ್ಲಿ ಅದು ಹೆಚ್ಚೆಂಬದೂ ನಿಜವೇ. ಆದರೆ ಕರ್ನಾಟಕದಲ್ಲಿಯೇ, ಮಂಗಳೂರು ನಗರದಲ್ಲಿ, ನರವೈದ್ಯರು ರೋಗಿಗಳ ಪಟ್ಟಿಯನ್ನಿಟ್ಟು ಲೆಕ್ಕ ಮಾಡಿ 2014ರಲ್ಲಿ ಪ್ರಕಟಿಸಿದ ವರದಿಯಂತೆ ಲಕ್ಷ ಜನರಲ್ಲಿ ಸುಮಾರು ಎಂಟು ಜನರಿಗೆ ಈ ವ್ಯಾಧಿಯಿತ್ತು. ವಿರಳವಾದದ್ದೇ ಸರಿ, ಇಲ್ಲವೇ ಇಲ್ಲವೆನ್ನುವಷ್ಟು ವಿರಳವಲ್ಲ. ಹೀಗಿರಲಾಗಿ ಬಿಸಿಲುನಾಡಿನಲ್ಲಿ ಇದನ್ನು ಯಾರೂ ನಿರೀಕ್ಷಿಸದಿರುವದೇ ರೋಗಿಯ ವರುಷಗಳನ್ನು ಹಾಳುಮಾಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಕಾಲು ಸೆಟೆದವರಿಗೆಲ್ಲ ಇದೇ ವ್ಯಾಧಿಯೆಂದು ತಿಳಿಯಕೂಡದು. ಬೆನ್ನೆಲುಬಿನ ಕ್ಷಯದಿಂದಲೂ, ಕುತ್ತಿಗೆಯ ಎಲುಬು ಸರಿದು ಹುರಿಯನ್ನು ಒತ್ತುವದರಿಂದಲೂ ಕಾಲು ಹೀಗೆಯೇ ಬಿಗಿಯುತ್ತದೆ. ಬಿ-12 ಎಂಬ ಜೀವಸತ್ವದ ಕೊರತೆಯಿಂದ ಬೆನ್ನುಹುರಿಯ ಹೊದಿಕೆ ಕೆಡುವದುಂಟು. ಆ ಸತ್ವವು ಕಾಯಿಪಲ್ಯ ಧಾನ್ಯಗಳಲ್ಲಿ ದೊರೆಯುವದಿಲ್ಲ. ಶಾಕಾಹಾರಿಗಳಿಗೆ ಹಾಲು, ಮೊಸರುಗಳೇ ಅದರ ಆಧಾರ. ಈ ಸಭೆಯಲ್ಲಿರುವ ಮನೆತನಗಳು ಬಹುಮಟ್ಟಿಗೆ ಶಾಕಾಹಾರಿಗಳಾದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ರಕ್ತಪರೀಕ್ಷೆಯಿಂದ ತಿಳಿಯುವ, ಸೂಜಿಮದ್ದಿನಿಂದ ಸುಧಾರಿಸುವ ಕೊರತೆಯನ್ನು ಅಸಾಧ್ಯ ರೋಗವೆಂದು ತಿಳಿದು ಕೂಡ್ರುವದು ದೊಡ್ಡ ಅನ್ಯಾಯ. ಇನ್ನು, ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಹಿಡಿಯುವ ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ ಸೋದರವ್ಯಾಧಿಯೊಂದಿದೆ. ಅದನ್ನು ಬೇರ್ಪಡಿಸುವ ರಕ್ತಲಕ್ಷಣವು 2004ರಲ್ಲಿ ದೊರೆಯಿತು. ಒಂದರ ಕೆಲವು ಔಷಧಗಳು ಇನ್ನೊಂದನ್ನು ಕೆರಳಿಸುವದರಿಂದ ನಿದಾನವು ನಿಖರವಾಗಿಯೇ ಆಗತಕ್ಕದ್ದು.

ನಿದಾನದ ಮುಖ್ಯ ಸಾಧನವಾದ ಎಂ.ಆರ್.ಐ. ಯಂತ್ರವು ಸ್ವತಃ ಒಂದು ದೊಡ್ಡ ಅಯಸ್ಕಾಂತವೇ. ಲಂಡನ್ನಿನ ವೈದ್ಯರು ಈ ರೋಗದ ಮಚ್ಚೆಗಳನ್ನು ಜೀವಂತ ಮನುಷ್ಯರ ಮೆದುಳಿನಲ್ಲಿ ಆ ಯಂತ್ರದ ಮೂಲಕ ಕಂಡ ಸಂಗತಿಯನ್ನು 1981ರಲ್ಲಿ ಪ್ರಕಟಿಸಿದರು. ಹಿಂದಿನ ಕಾಲದಲ್ಲಿ ಈ ಗಡಿಭಾಗದ ಜನರು ದೊಡ್ಡ ಬೇನೆಗಳಿಗೆ ಮೀರಜದಲ್ಲಿ ವಾನ್ಲೆಸ್ ಸಾಹೇಬರು 1894ರಲ್ಲಿ ತೆರೆದ ದವಾಖಾನೆಯ ದಾರಿ ಹಿಡಿಯುತ್ತಿದ್ದರು. ಫ. ಗು. ಹಳಕಟ್ಟಿಯವರು 1910ರಲ್ಲಿ ಸ್ಥಾಪಿಸಿದ ಬಿ.ಎಲ್.ಡಿ.ಇ. ಸಂಸ್ಥೆಯು 1986ರಲ್ಲಿ ವಿಜಯಪುರದಲ್ಲಿಯೇ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆದ ಬಳಿಕ ಮೊದಲನೆಯ ಪರೀಕ್ಷೆಗೆ ಅಷ್ಟು ದೂರ ಹೋಗಬೇಕಾದ ಕಾರಣವುಳಿದಿಲ್ಲ. ತೊಡಕಿನ ಪ್ರಸಂಗಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿದೆ. ಅದು 1974ರಿಂದ ಆ ಹೆಸರಿನಲ್ಲಿ ನಡೆಯುತ್ತಿದೆ. ದಾರಿಯು ಐನೂರು ಕಿಲೋಮೀಟರಿಗೂ ಮಿಕ್ಕಿದ್ದು. ಸೆಟೆದ ಕಾಲಿನವರಿಗೆ ಆ ಪ್ರಯಾಣವೇ ಒಂದು ಶಿಕ್ಷೆ.

ಈಗ ಸೆಟೆತದ ಕಾರಣವನ್ನು ನೋಡಬಹುದು. ಮೊಣಕಾಲಿನ ಚಿಪ್ಪಿನ ಕೆಳಗೆ ವೈದ್ಯನು ಚಿಕ್ಕ ಸುತ್ತಿಗೆಯಿಂದ ತಟ್ಟಿದರೆ ಕಾಲು ತಟಕ್ಕನೆ ಮುಂದೆ ಚಿಮ್ಮುವದನ್ನು ಅನೇಕರು ಕಂಡಿರಬಹುದು. ಸ್ನಾಯುವನ್ನು ಹಠಾತ್ತನೆ ಎಳೆದರೆ ಅದು ಬಿಗಿದುಕೊಳ್ಳಬೇಕೆಂಬ ಅಪ್ಪಣೆಯು ಮೆದುಳಿನವರೆಗೆ ಹೋಗದೆ ಬೆನ್ನುಹುರಿಯಿಂದಲೇ ಹೊರಡುತ್ತದೆ. ಬೆನ್ನುಹುರಿಯು ಚುರುಕಾದ ಎತ್ತಿನಂಥದು. ಮೆದುಳಿನಿಂದ ಇಳಿದುಬರುವ ನರಗಳು ಮೂಗುದಾರವಿದ್ದಂತೆ. ಹಗ್ಗವು ನೆಟ್ಟಗಿರುವತನಕ ಎತ್ತು ಹದವಾಗಿ ನಡೆಯುತ್ತದೆ. ಹಗ್ಗದ ಎಳೆಗಳು ಹರಿದರೆ ಎತ್ತು ಸಾಯುವದಿಲ್ಲ, ಬೆದರುತ್ತದೆ. ಸಣ್ಣ ಸಪ್ಪಳಕ್ಕೂ ಹಾರುತ್ತದೆ. ಹಾಗೆಯೇ ಮೆದುಳಿನ ಹಿಡಿತ ತಪ್ಪಿದ ಬೆನ್ನುಹುರಿಯು ಸ್ವಲ್ಪ ಎಳೆತಕ್ಕೂ ಸ್ನಾಯುಗಳನ್ನು ಗಟ್ಟಿಯಾಗಿ ಬಿಗಿಯುತ್ತದೆ. ಮೊಣಕಾಲನ್ನು ಮೆಲ್ಲಗೆ ಮಡಿಚಿದರೆ ಅದು ಬಗ್ಗುತ್ತದೆ, ಬೇಗ ಮಡಿಚಹೋದರೆ ಎದುರುಬೀಳುತ್ತದೆ. ಆರೈಕೆ ಮಾಡುವವರು ಈ ಒಂದು ಭೇದವನ್ನು ನೆನಪಿಟ್ಟರೆ ಬಟ್ಟೆ ತೊಡಿಸುವ, ಮಗ್ಗುಲು ಬದಲಿಸುವ ಹೊತ್ತಿನ ಅರ್ಧ ಜಗ್ಗಾಟ ತಪ್ಪುತ್ತದೆ.

ಎದುರುಬೀಳುವ ಈ ಬಲವನ್ನು ಅಳೆಯುವದಕ್ಕೆ ಬ್ರಿಟನ್ನಿನ ಆ್ಯಶ್‌ವರ್ತ್ ಎಂಬ ವೈದ್ಯನು 1964ರಲ್ಲಿ ಒಂದು ಅಳತೆಯನ್ನು ಗೊತ್ತುಪಡಿಸಿದನು. ಬಿಗಿತವೇ ಇಲ್ಲದಿದ್ದರೆ ಸೊನ್ನೆ, ಕೀಲು ಅಲುಗಾಡದಷ್ಟು ಬಿಗಿದಿದ್ದರೆ ನಾಲ್ಕು. ಅಳೆಯುವ ಉಪಕರಣವೆಂದರೆ ವೈದ್ಯನ ಕೈ. ಒರಟಾದ ಅಳತೆಯೇ, ಆದರೆ ಅದನ್ನು ಬಿಟ್ಟವರಿಲ್ಲ.

ಸೆಟೆತವನ್ನು ಕಡಿಮೆ ಮಾಡುವ ಹಾದಿಗಳು ಹಲವು. ದಿನಾಲು ಸ್ನಾಯುಗಳನ್ನು ಮೆಲ್ಲಗೆ ಹಿಗ್ಗಿಸುವ ಅಂಗಸಾಧನೆ ಮೊದಲನೆಯದು; ಅದಕ್ಕೆ ಹಣ ಬೇಕಿಲ್ಲ, ತಾಳ್ಮೆ ಬೇಕು. ಎರಡನೆಯದು ಗುಳಿಗೆಗಳು. ಬ್ಯಾಕ್ಲೋಫೆನ್ ಎಂಬದು ಅವುಗಳಲ್ಲಿ ಹಳೆಯದು. ಗುಳಿಗೆಗಳಿಂದ ಬಿಗಿತ ಇಳಿಯುತ್ತದೆ, ಜೊತೆಗೆ ತೂಕಡಿಕೆಯೂ ನಿಶ್ಶಕ್ತಿಯೂ ಬರುತ್ತವೆ. ಬ್ಯಾಕ್ಲೋಫೆನನ್ನು ನುಂಗುತ್ತಿದ್ದವರು ಅದು ತೀರಿತೆಂದೋ ಗುಣವಾಯಿತೆಂದೋ ಒಮ್ಮೆಲೇ ಬಿಡಕೂಡದು. ಮೂರ್ಛೆ, ಚಿತ್ತಭ್ರಮೆಗಳವರೆಗೆ ಹೋಗುವ ಅಪಾಯವಿದೆ. ಮೂರನೆಯದಾಗಿ, ಕಾಲು ಎಂದಿಗಿಂತ ಹೆಚ್ಚು ಸೆಟೆದ ದಿವಸ ಬೇರೆ ಕಾರಣವನ್ನು ಹುಡುಕಬೇಕು. ಮೂತ್ರದ ಸೋಂಕು, ಮಲಬದ್ಧತೆ, ಬೆನ್ನಿನ ಹುಣ್ಣು, ಚರ್ಮದೊಳಗೆ ಬೆಳೆದ ಉಗುರು, ಇಷ್ಟು ಸಣ್ಣ ಕಾರಣಗಳೂ ಬೆದರಿದ ಎತ್ತನ್ನು ಮತ್ತಷ್ಟು ಬೆದರಿಸುತ್ತವೆ. ಕಾರಣ ತೆಗೆದರೆ ಬಿಗಿತವು ತಾನೇ ಇಳಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಬಿಗಿತವು ಉಳಿದವರಿಗಾಗಿ ಅಯಸ್ಕಾಂತದ ಪ್ರಯತ್ನವು ನಡೆಯಿತು. ಕನ್ನಡದಲ್ಲಿ ಅಯಸ್ಕಾಂತಕ್ಕೆ ಸೂಜಿಗಲ್ಲೆಂಬ ಹಳೆಯ ಹೆಸರಿದೆ. ಸೂಜಿಯನ್ನೆಳೆಯುವ ಕಲ್ಲು ರೋಗವನ್ನೂ ಎಳೆದುಹಾಕುವದೆಂಬ ನಂಬಿಗೆಯಿಂದ ಸೂಜಿಗಲ್ಲಿನ ಬಳೆ, ನಡುಪಟ್ಟಿ, ಹಾಸಿಗೆಗಳನ್ನು ಮಾರುವವರು ಪೇಟೆಯಲ್ಲಿಯೂ ಸಂತೆಯಲ್ಲಿಯೂ ಇದ್ದಾರೆ. ಆ ಸಾಮಾನಿಗೂ ಇಲ್ಲಿ ಹೇಳುವ ಚಿಕಿತ್ಸೆಗೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಸುಮ್ಮನೆ ಕುಳಿತಿರುವ ಅಯಸ್ಕಾಂತವು ನರವನ್ನು ಮಿಡಿಸಲಾರದು. ಅಯಸ್ಕಾಂತದ ಬಲವು ಥಟ್ಟನೆ ಏರಿ ಥಟ್ಟನೆ ಇಳಿದರೆ ಮಾತ್ರ ಹತ್ತಿರದಲ್ಲಿರುವ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಇಂಗ್ಲಂಡದ ಫ್ಯಾರಡೆಯು 1831ರಲ್ಲಿ ತೋರಿಸಿಕೊಟ್ಟನು. ತಂತಿಯ ಬದಲು ಮನುಷ್ಯನ ನರವಿದ್ದರೂ ನಿಯಮವು ಒಂದೇ.

ಹೊರಗಿನಿಂದ ವಿದ್ಯುತ್ತನ್ನು ಕೊಟ್ಟು ಮೆದುಳನ್ನು ಮಿಡಿಸುವ ಪ್ರಯೋಗವು 1980ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಆದರೆ ಚರ್ಮವನ್ನು ದಾಟುವಾಗ ಅದು ಬಹಳ ನೋಯಿಸುತ್ತಿತ್ತು. ಐದು ವರುಷಗಳಲ್ಲಿ, 1985ರಲ್ಲಿ, ಶೆಫೀಲ್ಡ್ ನಗರದ ಆ್ಯಂಟನಿ ಬಾರ್ಕರನೂ ಅವನ ಜೊತೆಗಾರರೂ ತಾಮ್ರದ ತಂತಿಯ ಸುರುಳಿಯೊಂದನ್ನು ತಲೆಯ ಮೇಲೆ ಹಿಡಿದು, ಅದರಲ್ಲಿ ಸೆಕೆಂಡಿನ ಸಾವಿರದ ಒಂದು ಪಾಲಿಗೂ ಕಡಿಮೆ ಹೊತ್ತು ಪ್ರಬಲವಾದ ವಿದ್ಯುತ್ತನ್ನು ಹರಿಸಿದರು. ಕೈಬೆರಳುಗಳು ಮಿಡಿದವು, ನೋವಾಗಲಿಲ್ಲ. ಆ ಕ್ಷಣದಲ್ಲಿ ಸುರುಳಿಯ ಅಯಸ್ಕಾಂತ ಬಲವು ಭೂಮಿಯ ಅಯಸ್ಕಾಂತ ಬಲಕ್ಕಿಂತ ಸಾವಿರಾರು ಪಟ್ಟು ಹೆಚ್ಚಿನದು. ಚರ್ಮವಾಗಲಿ ಎಲುಬಾಗಲಿ ಅದನ್ನು ತಡೆಯುವದಿಲ್ಲ.

ಇದೇ ಸುರುಳಿಯನ್ನು ಬೆನ್ನಿನ ಮೇಲೆ ಹಿಡಿದು ಮಿಡಿತಗಳನ್ನು ಒಂದರ ಹಿಂದೊಂದರಂತೆ ಕೊಡುವದೇ ಬೆನ್ನುಹುರಿಯ ಅಯಸ್ಕಾಂತ ಚಿಕಿತ್ಸೆ. ಹೆಸರು ಬೆನ್ನುಹುರಿಯದಾದರೂ, ವಾಸ್ತವವಾಗಿ ಮೊದಲು ಮಿಡಿಯುವವು ಬೆನ್ನೆಲುಬಿನ ಸಂದುಗಳಿಂದ ಹೊರಬೀಳುವ ನರಗಳ ಬೇರುಗಳು. ಆ ಬೇರುಗಳ ಮೂಲಕ ಸುದ್ದಿಯು ಹುರಿಯೊಳಗೆ ಹೋಗಿ, ಅಲ್ಲಿಯ ಅತಿಯಾದ ಚುರುಕನ್ನು ಕೆಲಕಾಲ ತಗ್ಗಿಸುವದೆಂದು ವಿದ್ವಾಂಸರು ಊಹಿಸುತ್ತಾರೆ. ಹರಿದ ಹಗ್ಗವನ್ನು ಇದು ಹೊಸೆದುಕೊಡುವದಿಲ್ಲ. ಬೆದರಿದ ಎತ್ತಿನ ಬೆನ್ನನ್ನು ಸವರಿ ಶಾಂತಗೊಳಿಸಿದಂತೆ ಎನ್ನಬಹುದು.

ಶಾಂತವಾಯಿತೋ ಇಲ್ಲವೋ ಎಂಬದನ್ನು ಡೆನ್ಮಾರ್ಕ್ ದೇಶದ ನೀಲ್ಸನ್, ಸಿಂಕೇರ್, ಯಾಕೋಬ್ಸೆನ್ ಎಂಬವರು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದರು. ಅವರ ಪರೀಕ್ಷೆಯ ಕ್ರಮವು ತಿಳಿದುಕೊಳ್ಳತಕ್ಕದ್ದು. ಈ ವ್ಯಾಧಿಯಿಂದ ಕಾಲು ಸೆಟೆದ 38 ಜನರನ್ನು ಎರಡು ಗುಂಪು ಮಾಡಿದರು. 21 ಜನರಿಗೆ ನಿಜವಾದ ಮಿಡಿತಗಳನ್ನು ಕೊಟ್ಟರು. ಉಳಿದ 17 ಜನರಿಗೆ ಸೋಗಿನ ಚಿಕಿತ್ಸೆಯನ್ನು ಕೊಟ್ಟರು. ಅಂದರೆ ಚಿಕಿತ್ಸೆಯ ಎಲ್ಲ ಆಚರಣೆಯೂ ಇದ್ದು ಒಳಗಿನ ಸತ್ವ ಮಾತ್ರ ಇರಲಿಲ್ಲ. ತನಗೆ ದೊರೆತದ್ದು ಯಾವುದೆಂದು ರೋಗಿಗೂ ಗೊತ್ತಿಲ್ಲ, ಅಳೆಯುವವನಿಗೂ ಗೊತ್ತಿಲ್ಲ. ದಿನಕ್ಕೆ ಎರಡು ಸಲದಂತೆ ಏಳು ದಿವಸ ನಡೆಯಿತು.

ಬಳಿಕ ಮೂರು ಬಗೆಯಲ್ಲಿ ಅಳೆದರು. ನಿತ್ಯದ ಕೆಲಸಗಳು ಎಷ್ಟು ಸುಲಭವಾದವೆಂದು ರೋಗಿಗಳನ್ನೇ ಕೇಳಿದಾಗ, ನಿಜವಾದ ಚಿಕಿತ್ಸೆಯವರು ಶೇಕಡಾ 22ರಷ್ಟು ಸುಧಾರಣೆಯೆಂದರು. ಸೋಗಿನ ಚಿಕಿತ್ಸೆಯವರು ಶೇಕಡಾ 29ರಷ್ಟು ಎಂದರು! ಈ ಎರಡರ ಅಂತರವು ಲೆಕ್ಕಕ್ಕೆ ಹಿಡಿಯುವಂಥದಲ್ಲವಾದರೂ, ಏನೂ ಪಡೆಯದವರು ಪಡೆದವರಷ್ಟೇ ಸಂತೋಷಪಟ್ಟರೆಂಬದು ಸ್ಪಷ್ಟ. ವೈದ್ಯನ ಕೈಯಿಂದ ಅಳೆದ ಬಿಗಿತದ ಅಂಕವು ಬೇರೆ ಕಥೆಯನ್ನು ಹೇಳಿತು. ನಿಜವಾದ ಚಿಕಿತ್ಸೆಯ ಗುಂಪಿನಲ್ಲಿ ಅದು ಸರಾಸರಿ 3.3ರಷ್ಟು ಇಳಿಯಿತು, ಸೋಗಿನ ಗುಂಪಿನಲ್ಲಿ ಇಳಿಯಲೇ ಇಲ್ಲ. ಮೂರನೆಯದಾಗಿ ಯಂತ್ರದಿಂದ ಅಳೆದರು. ಕೀಲನ್ನು ಎಷ್ಟು ವೇಗದಿಂದ ತಿರುಗಿಸಿದರೆ ಸ್ನಾಯುವು ಎದುರುಬೀಳುವದೆಂದು ನೋಡಿದಾಗ, ಚಿಕಿತ್ಸೆ ಪಡೆದವರಲ್ಲಿ ಆ ವೇಗವು ಸೆಕೆಂಡಿಗೆ ಸರಾಸರಿ 4.3 ಡಿಗ್ರಿ ಏರಿತು, ಇನ್ನೊಂದು ಗುಂಪಿನಲ್ಲಿ 3.8 ಡಿಗ್ರಿ ಇಳಿಯಿತು. ಅಂದರೆ ಚಿಕಿತ್ಸೆಗೊಂಡ ಬೆನ್ನುಹುರಿಯು ಮೊದಲಿಗಿಂತ ತುಸು ಹೆಚ್ಚಿನ ಎಳೆತವನ್ನು ಬೆದರದೆ ಸಹಿಸಿತು.

ಈ ಲೆಕ್ಕವನ್ನು ಕೇಳಿದವರಲ್ಲಿ ಎರಡು ವಿಧದ ಆತುರಗಳು ಹುಟ್ಟಬಹುದು. ಅಯಸ್ಕಾಂತವು ಕಾಲನ್ನು ಸಡಿಲಿಸಿತೆಂದು ಒಬ್ಬನು ಹೊಲ ಒತ್ತೆಯಿಟ್ಟು ನಗರಕ್ಕೆ ಹೊರಡಬಹುದು. ಸೋಗಿನವರಿಗೂ ಅಷ್ಟೇ ಸುಖವಾದ ಮೇಲೆ ಇದೆಲ್ಲ ಬರಿಯ ನಂಬಿಗೆಯೆಂದು ಇನ್ನೊಬ್ಬನು ತಳ್ಳಿಹಾಕಬಹುದು. ಲೆಕ್ಕವು ಇಬ್ಬರ ಮಾತನ್ನೂ ಒಪ್ಪುವದಿಲ್ಲ. ಸ್ನಾಯುವಿಗೆ ಸೋಗು ತಿಳಿಯುವದಿಲ್ಲ. ಅದು ಸಡಿಲಾದದ್ದು ನಿಜ. ಆದರೆ ಸಡಿಲಾದ ಪ್ರಮಾಣವು ಚಿಕ್ಕದು. ಎಲ್ಲರಲ್ಲಿಯೂ ಒಂದೇ ಸಮನಾಗಿಯೂ ಇರಲಿಲ್ಲ. ನಿತ್ಯದ ಕೆಲಸದಲ್ಲಿ ಆ ಸಡಿಲಿಕೆಯಿಂದಲೇ ಬಂದ ಲಾಭವನ್ನು ರೋಗಿಗಳ ಬಾಯಿಂದ ಬೇರ್ಪಡಿಸಿ ತೋರಿಸುವದಕ್ಕೆ ಆಗಲಿಲ್ಲ. ಏಳು ದಿವಸದ ಚಿಕಿತ್ಸೆಯಿಂದ ವರುಷದ ಫಲವನ್ನು ಊಹಿಸುವಂತೆಯೂ ಇಲ್ಲ.

ಸೋಗಿನ ಗುಂಪಿನ ಆ 17 ಜನರು ಸುಳ್ಳು ಹೇಳಿದರೆಂದು ಭಾವಿಸುವದು ಅವಿವೇಕ. ವರುಷಗಟ್ಟಲೆ ಕಾಲನ್ನು ಎಳೆದುಕೊಂಡು ನಡೆದವರನ್ನು ಒಂದು ವಾರ, ದಿನಕ್ಕೆರಡು ಸಲ, ಯಾರೋ ಮಲಗಿಸಿ, ಬೆನ್ನನ್ನು ನೋಡಿ, ಹೇಗಿದ್ದೀರೆಂದು ಕೇಳಿ, ಹೇಳಿದ್ದನ್ನು ಬರೆದುಕೊಂಡರು. ಕೆಲಸಗಳು ಹಗುರಾದಂತೆ ಅವರಿಗೆ ತೋರಿದ್ದು ಅದರಿಂದಲೂ ಇರಬಹುದು. ಅದಕ್ಕೆ ಯಂತ್ರವೇನೂ ಬೇಕಾಗಿಲ್ಲ. ಕಳ್ಳಕವಟಗಿಯ ಆ ಗೃಹಿಣಿಯನ್ನು ಮೈಗಳ್ಳಿಯೆಂದು ಕರೆಯದೆ, ದಿನಕ್ಕೆರಡು ಸಲ ಮನೆಯವರೊಬ್ಬರು ಪಕ್ಕದಲ್ಲಿ ಕುಳಿತು ಅವಳ ಕಾಲನ್ನು ಮೆಲ್ಲಗೆ ಮಡಿಚಿ ಚಾಚಿದರೆ ಸ್ನಾಯುವಿಗೂ ಹಿತ, ಮನಸ್ಸಿಗೂ ಹಿತ. ಇದರ ಖರ್ಚು ಅರ್ಧ ತಾಸು.

ಡೆನ್ಮಾರ್ಕಿನ ಪರೀಕ್ಷೆಯ ತರುವಾಯ ಬೇರೆ ದೇಶಗಳಲ್ಲಿಯೂ ಪ್ರಯೋಗಗಳಾದವು. ಇಟಲಿಯವರು 2007ರಲ್ಲಿ ಬೆನ್ನಿನ ಬದಲು ತಲೆಯ ಮೇಲೆ, ಕಾಲನ್ನಾಳುವ ಮೆದುಳಿನ ಭಾಗಕ್ಕೆ, ಮಿಡಿತಗಳನ್ನು ಕೊಟ್ಟು ಬಿಗಿತವು ಇಳಿದದ್ದನ್ನು ಕಂಡರು. ಔಷಧವಲ್ಲದ ಉಪಾಯಗಳನ್ನು ಕುರಿತ ಒಂಬತ್ತು ಪರೀಕ್ಷೆಗಳನ್ನು, ಮುನ್ನೂರಕ್ಕೂ ಮಿಕ್ಕ ರೋಗಿಗಳನ್ನು, ಒಟ್ಟಿಗೆ ತೂಗಿನೋಡಿದ ವಿಮರ್ಶೆಯೊಂದು 2013ರಲ್ಲಿ ಪ್ರಕಟವಾಯಿತು. ಅಂಗಸಾಧನೆಗೂ ಅಯಸ್ಕಾಂತದ ಮಿಡಿತಕ್ಕೂ ಸ್ವಲ್ಪ ಆಧಾರವುಂಟು, ಆದರೆ ಆ ಆಧಾರವು ದುರ್ಬಲವಾದದ್ದೆಂಬದೇ ಅದರ ತೀರ್ಪು. ಆ ತೀರ್ಪಿನಲ್ಲಿ ಅಂಗಸಾಧನೆಯು ಯಂತ್ರದ ಸರಿಸಮಕ್ಕೆ ನಿಂತಿರುವದನ್ನು ಬಡವರು ಗಮನಿಸತಕ್ಕದ್ದು.

ಭಾರತದ ದೊಡ್ಡ ಊರುಗಳಲ್ಲಿ ಅಯಸ್ಕಾಂತದ ಸುರುಳಿಯಂತ್ರಗಳು ಇವೆ. ಅವು ಹೆಚ್ಚಾಗಿ ಮನೋವ್ಯಾಕುಲತೆಯ ಚಿಕಿತ್ಸೆಗೆ ಬಳಕೆಯಾಗುತ್ತವೆ. ಅಮೇರಿಕದ ಸರಕಾರವು ಆ ಉಪಯೋಗಕ್ಕೆ 2008ರಲ್ಲಿ ಸಮ್ಮತಿಯಿತ್ತಿತು. ಸೆಟೆದ ಕಾಲಿನ ಸಲುವಾಗಿ ಯಾರಾದರೂ ಈ ಚಿಕಿತ್ಸೆಯನ್ನು ಸೂಚಿಸಿದರೆ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ವ್ಯಾಧಿಯ ನಿದಾನವು ಎಂ.ಆರ್.ಐ.ಯಿಂದ ಖಚಿತವಾಗಿದೆಯೇ? ಚಿಕಿತ್ಸೆಯ ಮುಂಚೆ ಬಿಗಿತವನ್ನು ಅಳೆದು ಬರೆದಿಡುತ್ತಾರೆಯೇ, ಬಳಿಕವೂ ಅಳೆಯುತ್ತಾರೆಯೇ? ರೋಗವು ಬೇರುಸಹಿತ ಹೋಗುವದೆಂದು ಹೇಳುತ್ತಿದ್ದಾರೆಯೇ? ಕಡೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಎದ್ದುಬರುವದೇ ಲೇಸು. ಎದೆಯೊಳಗೆ ಹೃದಯದ ಬಡಿತವನ್ನು ನಡಿಸುವ ಯಂತ್ರವಿದ್ದವರು, ಕಿವಿಯೊಳಗೆ ಯಂತ್ರವನ್ನು ಕೂಡ್ರಿಸಿಕೊಂಡವರು, ಮೂರ್ಛೆರೋಗವಿದ್ದವರು ಈ ಸುರುಳಿಯ ಹತ್ತಿರ ಹೋಗುವ ಮುನ್ನ ಅದನ್ನು ತಪ್ಪದೆ ತಿಳಿಸತಕ್ಕದ್ದು.

ಇನ್ನೊಂದು ಸೂಕ್ಷ್ಮವನ್ನು ಅನೇಕ ವೇಳೆ ಮರೆಯಲಾಗುತ್ತದೆ. ಸೆಟೆತವೆಲ್ಲ ಶತ್ರುವಲ್ಲ. ಬಲವನ್ನು ಕಳೆದುಕೊಂಡ ಕಾಲು ಆ ಬಿಗಿತದ ಆಧಾರದಿಂದಲೇ ನೆಟ್ಟಗೆ ನಿಂತಿರಬಹುದು. ಗುಳಿಗೆಯಿಂದಲೋ ಮಿಡಿತದಿಂದಲೋ ಅದನ್ನು ಪೂರ್ತಿಯಾಗಿ ಸಡಿಲಿಸಿದರೆ ಗೋಡೆ ಹಿಡಿದು ನಡೆಯುತ್ತಿದ್ದವಳು ಕುಸಿದು ಕೂಡ್ರುತ್ತಾಳೆ. ಆದಕಾರಣ ಎಷ್ಟು ಸಡಿಲಿಸಬೇಕೆಂಬದನ್ನು ವೈದ್ಯನೊಬ್ಬನೇ ಗೊತ್ತುಮಾಡಲಾರನು. ರೊಟ್ಟಿ ಬಡಿಯಲು ನೆಲದ ಮೇಲೆ ಕೂಡ್ರುವದು ಅವಳಿಗೆ ಮುಖ್ಯವೋ, ಒಲೆಯ ಕಟ್ಟೆಯ ಮುಂದೆ ನಿಲ್ಲುವದು ಮುಖ್ಯವೋ, ರಾತ್ರಿಯ ನಿದ್ದೆ ಮುಖ್ಯವೋ ಎಂಬದನ್ನು ಅವಳನ್ನೇ ಕೇಳಬೇಕು. ಮನೆಯವರು ವೈದ್ಯನ ಮುಂದೆ ಅವಳ ಪರವಾಗಿ ತಾವೇ ಉತ್ತರ ಕೊಡುವ ರೂಢಿಯು ಇಲ್ಲಿ ಕೆಲಸಕ್ಕೆ ಬಾರದು.

ವ್ಯಾಧಿಯ ಮೂಲಕ್ರಿಯೆಯನ್ನು ತಡೆದು ಹೊಸ ಆಘಾತಗಳನ್ನು ಕಡಿಮೆ ಮಾಡುವ ಔಷಧಗಳು 1993ರಿಂದ ಈಚೆಗೆ ಒಂದೊಂದಾಗಿ ಬಂದಿವೆ. ಬೇಗನೆ ಆರಂಭಿಸಿದಷ್ಟು ಅವುಗಳ ಫಲ ಹೆಚ್ಚು. ಗಾಳಿ ಬಿಡಿಸುವದರಲ್ಲಿ ಕಳೆದ ಎರಡು ವರುಷಗಳಲ್ಲಿ ಸವೆದ ನರಗಳನ್ನು ಯಾವ ಔಷಧವೂ ಮರಳಿ ತರುವದಿಲ್ಲ. ರೋಗಿಗಳೂ ಅವರ ಮನೆಯವರೂ ಒಂದುಗೂಡುವದಕ್ಕೆ ಮಲ್ಟಿಪಲ್ ಸ್ಕ್ಲೀರೋಸಿಸ್ ಸೊಸಾಯಿಟಿ ಆಫ್ ಇಂಡಿಯಾ ಎಂಬ ಸಂಘವು 1985ರಲ್ಲಿ ಹುಟ್ಟಿದೆ. ಬೆಂಗಳೂರಿನಲ್ಲಿ ಅದರ ಶಾಖೆಯುಂಟು.

ಕಡೆಗೆ, ಸರಕಾರದ ಕಾಯದೆಯ ಮಾತು. ವಿಕಲಚೇತನರ ಹಕ್ಕುಗಳನ್ನು ಕುರಿತು 2016ರಲ್ಲಿ ಆದ ಅಧಿನಿಯಮವು ಇಪ್ಪತ್ತೊಂದು ಬಗೆಯ ವಿಕಲತೆಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ಹೆಸರು ಸ್ಪಷ್ಟವಾಗಿ ಬರೆದಿದೆ. ಶೇಕಡಾ 40 ಅಥವಾ ಅದಕ್ಕೆ ಹೆಚ್ಚು ವಿಕಲತೆಯಿದೆಯೆಂದು ವೈದ್ಯಾಧಿಕಾರಿಗಳು ಪ್ರಮಾಣೀಕರಿಸಿದರೆ ಅಧಿನಿಯಮದ ವಿಶೇಷ ಸೌಲಭ್ಯಗಳಿಗೆ ಹಕ್ಕು ಬರುತ್ತದೆ. ಪರೀಕ್ಷೆಗೆ ಹೋಗುವ ದಿವಸ ಎಂ.ಆರ್.ಐ. ಚಿತ್ರಗಳನ್ನೂ ಹಳೆಯ ಚೀಟಿಗಳನ್ನೂ, ಕಣ್ಣು ಮಂಜಾದ ಆ ಮೊದಲನೆಯ ವರುಷದ ಚೀಟಿಯಿದ್ದರೆ ಅದನ್ನು ವಿಶೇಷವಾಗಿ, ಜೊತೆಗೆ ಒಯ್ಯತಕ್ಕದ್ದು. ಮುಂಜಾನೆಯ ಸರದಿಯಲ್ಲಿ ನೋಡಿದರೆ ಅವಳು ಬಹುಮಟ್ಟಿಗೆ ನೆಟ್ಟಗೆ ನಡೆದಾಳು. ಮಧ್ಯಾಹ್ನದ ನಡಿಗೆ ಹೇಗಿರುವದೆಂಬದನ್ನೂ ವೈದ್ಯರಿಗೆ ಹೇಳಿ ಬರೆಯಿಸಬೇಕು.